ಗೋಡೆಯ ಚಿತ್ರ ಒರೆಸಬೇಡ

ಬದಿಯಡ್ಕ
ಆಟಿ ತಿಂಗಳು

ಪ್ರೀತಿಯ ಮಗಳೇ,

ದೊಡ್ಡಮ್ಮನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಬಿಟ್ಟಿಲ್ಲ. ಅಡಿಕೆಗೆ ಎರಡನೇ ಸಲ ಮದ್ದು ಬಿಡಲು ಜನ ಸಿಕ್ಕಿಲ್ಲ. ದೊಡ್ಡಪ್ಪನ ಮಂಡಿನೋವು ಹಾಗೇ ಇದೆ.

ನಿನ್ನೆ ಫೋನಿನಲ್ಲಿ ನಿನ್ನ ಸ್ವರ ಕೇಳಿದ ಮೇಲೆ ನನಗೆ ನಿದ್ರೆ ಬರಲಿಲ್ಲ. ಫೋನಿನಲ್ಲಾದರೆ ಪಕ್ಕದಲ್ಲಿ ಯಾರು ಕೇಳುತ್ತಾರೋ ಅಂತ ನೀನೂ ಅರ್ಧ ನುಂಗುತ್ತೀ, ನಾನೂ ಅರ್ಧ ನುಂಗುತ್ತೇನೆ. ಅದಕ್ಕೇ ಈ ಕಾಗದ.

ನಿನ್ನ ಮಗ ಮಾಣಿ ದೇವರ ಕೋಣೆಗೆ ನುಗ್ಗಿ, ಕುಂಕುಮಕ್ಕೆ ಕೈ ಹಾಕಿ, ಗೋಡೆ ತುಂಬ ಚಿತ್ರ ಬರೆದ. ಅತ್ತೆಯವರು "ನಮ್ಮ ಮಕ್ಕಳು ಹೀಗಿರಲಿಲ್ಲ" ಅಂದರು. ನೀನು ಮಾಣಿಯ ಬೆನ್ನಿಗೆ ಎರಡು ಕೊಟ್ಟೆ. ಆಮೇಲೆ ಕೊಟ್ಟಿಗೆಯಲ್ಲಿ ನಿಂತು ಕಣ್ಣೊರೆಸಿಕೊಂಡೆ. ಇಷ್ಟೇ ಅಲ್ವಾ?

"ನಮ್ಮ ಮಕ್ಕಳು ಹೀಗಿರಲಿಲ್ಲ" ಅನ್ನುವ ಮಾತನ್ನು ಮೊದಲು ಮನಸ್ಸಿನಿಂದ ತೆಗೆ. ನಾನೂ ನನ್ನ ಸೊಸೆಗೆ ಹಾಗೇ ಹೇಳಿದ್ದೇನೆ. ಅದು ಶುದ್ಧ ಸುಳ್ಳು. ಮಕ್ಕಳು ದೊಡ್ಡವರಾದ ಮೇಲೆ ಅವರು ಸುಮ್ನೆ ಮಲಗಿದ್ದ ಹೊತ್ತು ಮಾತ್ರ ನಮಗೆ ನೆನಪಿರುವುದು.

ಇನ್ನು ಚಿತ್ರದ ವಿಷಯ. ನೀನು ಮಧೂರು ದೇವಸ್ಥಾನಕ್ಕೆ ಎಷ್ಟು ಸಲ ಹೋಗಿಲ್ಲ? ಅಲ್ಲಿಯ ಮೂಲ ದೇವರು ಮದನಂತೇಶ್ವರ, ಶಿವ. ಆದರೆ ಊರೆಲ್ಲ ಹೋಗುವುದು ಗಣಪತಿಗೆ, ಅಪ್ಪ ಅನ್ನುವ ಸಿಹಿತಿಂಡಿಯ ಸೇವೆ ಮಾಡಿಸುವುದೂ ಗಣಪತಿಗೆ. ಆ ಗಣಪತಿ ಬಂದದ್ದು ಹೇಗೆ? ಪೂಜೆಯವರ ಕಡೆಯ ಒಬ್ಬ ಮಾಣಿ ಆಟ ಆಡುತ್ತಾ ಗರ್ಭಗುಡಿಯ ತೆಂಕು ಗೋಡೆಯ ಮೇಲೆ ಗಣಪತಿಯ ಚಿತ್ರ ಬರೆದನಂತೆ. ಚಿತ್ರ ದಿನದಿಂದ ದಿನಕ್ಕೆ ದಪ್ಪ ಆಗುತ್ತಾ ಬಂತಂತೆ. ಮಾಣಿ ಅದನ್ನು ಬೊಡ್ಡಜ್ಜ ಅಂತ ಕರೆದನಂತೆ. ಕಥೆ ಹೇಳುವವರು ಇಲ್ಲಿಗೆ ಕೈ ಮುಗಿಯುತ್ತಾರೆ. ನನಗೆ ಮಾತ್ರ ಆ ಮಾಣಿಯ ಅಮ್ಮನದ್ದೇ ಯೋಚನೆ. ಅವಳು ಆ ದಿನ ಅವನ ಕಿವಿ ಹಿಂಡಿ, ಒದ್ದೆ ಬಟ್ಟೆ ತಂದು ಗೋಡೆ ಒರೆಸಿಬಿಟ್ಟಿದ್ದರೆ?

ನಿಮ್ಮ ಮಾಣಿ ಬರೆದದ್ದೂ ದಪ್ಪ ಆದೀತು ಅಂತ ನಾನು ಹೇಳುತ್ತಿಲ್ಲ. ಈ ಕಥೆಯನ್ನು ಅತ್ತೆಗೆ ಹೇಳಲು ಹೋಗಬೇಡ, ಎದುರುತ್ತರ ಅನ್ನಿಸೀತು. ಮಾಣಿಗೆ ಹೇಳು. ಅತ್ತೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳು.

ನಾನು ಕಾಗದ ಬರೆಯಲು ಕೂತದ್ದು ಚಿತ್ರಕ್ಕಲ್ಲ, ಆ ಎರಡು ಪೆಟ್ಟಿಗೂ ಅಲ್ಲ. "ಇನ್ನೊಮ್ಮೆ ಮಾಡಿದರೆ ಗುಳಿಗ ದೈವ ಹಿಡ್ಕೊಂಡು ಹೋಗ್ತಾನೆ ಅಂತ ಹೆದರಿಸಿದೆ" ಅಂದೆಯಲ್ಲ, ಅದಕ್ಕೆ. ಆ ಮಾತು ನೀನು ಸಣ್ಣದಿರುವಾಗ ನನ್ನ ಬಾಯಿಂದಲೇ ಕೇಳಿದ್ದಿರಬೇಕು.

ನಿನ್ನ ಅಣ್ಣ, ಅಂದರೆ ನನ್ನ ಮಗ, ಐದು ವರ್ಷದವನಿದ್ದಾಗ ನೈವೇದ್ಯಕ್ಕೆ ಇಟ್ಟ ಪಾಯಸಕ್ಕೆ ಬೆರಳು ಅದ್ದಿದ್ದ. ನಾನು ಮಡಿಯಲ್ಲಿದ್ದೆ, ಮುಟ್ಟಿ ಎಳೆಯುವ ಹಾಗಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ, ಗುಳಿಗ ಬರ್ತಾನೆ ಅಂತ. ಕೆಲಸ ಮಾಡಿತು ನೋಡು! ಆಮೇಲೆ ಎಲ್ಲದಕ್ಕೂ ಅದೇ ಮಾತು. ಊಟ ಮಾಡದಿದ್ದರೆ ಗುಳಿಗ, ನಿದ್ರೆ ಮಾಡದಿದ್ದರೆ ಗುಳಿಗ. ಅದೇ ವರ್ಷ ನೆರೆಮನೆಯ ಭೂತಕೋಲಕ್ಕೆ ಅವನನ್ನೂ ಕರೆದುಕೊಂಡು ಹೋದೆವು. ಬೆಂಕಿಯ ಬೆಳಕಿನಲ್ಲಿ ಗುಳಿಗ ಅಂಗಳಕ್ಕೆ ಇಳಿದದ್ದೇ ತಡ, ಮಾಣಿ ನನ್ನ ಸೆರಗಿನೊಳಗೆ ಹೊಕ್ಕ. ಮೂರು ದಿನ ಜ್ವರ. ಜ್ವರ ಇಳಿಯಿತು, ಹೆದರಿಕೆ ಇಳಿಯಲಿಲ್ಲ.

1992ರಲ್ಲಿ ಮಧೂರಿನಲ್ಲಿ ಮೂಡಪ್ಪ ಸೇವೆ. ಗಣಪತಿಯನ್ನು ಅಪ್ಪದಿಂದಲೇ ಮುಚ್ಚುವ ಸೇವೆ. ನೀನು ಇನ್ನೂ ಹುಟ್ಟಿರಲಿಲ್ಲ. ಊರಿಗೆ ಊರೇ ಹೋಗಿತ್ತು. ನಿನ್ನ ಅಣ್ಣ ಹೊರಗೇ ನಿಂತುಬಿಟ್ಟ. "ಅಮ್ಮಾ, ದೇವರು ನನ್ನನ್ನು ನೋಡದ ಹಾಗೆ ಒಳಗೆ ಹೋಗಲಿಕ್ಕೆ ಆಗ್ತದಾ?" ಅಂತ ಕೇಳಿದ. ಜನ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ದೀಪ ಹೊತ್ತಿಸುವಾಗ ಆ ಮಾತು ನೆನಪಾಗಿ ಕೈ ನಡುಗಿತು. ಮತ್ತೆ ಮೂಡಪ್ಪ ಸೇವೆ ಆದದ್ದು 2025ರಲ್ಲಿ. ಆಗ ಅವನು ಬಂದು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಒಳಗೆ ಹೋದ. "ಈಗ ನೋಡಲಿ" ಅಂತ ನನ್ನ ಕಡೆ ತಿರುಗಿ ನಗಾಡಿದ. 33 ವರ್ಷ ಕಳೆದರೂ ಮರೆತಿಲ್ಲ ಅಂತ ಆಗ ಗೊತ್ತಾಯಿತು.

ಹಾಗಾಗಿ ದೈವ ದೇವರನ್ನು ನಡುವೆ ತರಬೇಡ ಮಗಳೇ. ನಾವು ನಂಬುವ ದೈವವನ್ನು ಒಂದು ಚಿಟಿಕೆ ಕುಂಕುಮಕ್ಕೆಲ್ಲ ಕರೆಯುವುದು ದೈವಕ್ಕೂ ಮರ್ಯಾದೆ ಅಲ್ಲ. ಬೇಡ ಅನ್ನುವುದಿದ್ದರೆ ನಿನ್ನ ಹೆಸರಿನಲ್ಲೇ ಅನ್ನು. "ಗೋಡೆ ತಿಕ್ಕಿದರೆ ನನಗೆ ಕೈ ನೋಯ್ತದೆ, ಬರೆಯಬೇಡ" ಅನ್ನು. ಅವನಿಗೆ ಅದು ಅರ್ಥ ಆಗುತ್ತದೆ. ಕೇಳುತ್ತಾನೆ ಅಂತ ಹೇಳಲಾರೆ.

ನಿಮ್ಮದು ವೈದಿಕರ ಮನೆ. ಶಾಸ್ತ್ರ ಬೇಕು ಅಂದರೆ ಶಾಸ್ತ್ರವೇ ಉಂಟು. ಉಪನಯನಕ್ಕೆ ಮೊದಲು ಮಗು ಕಾಮಚಾರ, ಕಾಮವಾದ, ಕಾಮಭಕ್ಷ ಅಂತ ಗೌತಮ ಧರ್ಮಸೂತ್ರದಲ್ಲಿದೆ. ಮನಸ್ಸು ಬಂದಲ್ಲಿ ತಿರುಗಬಹುದು, ಬಂದದ್ದು ಮಾತಾಡಬಹುದು, ಬೇಕಾದದ್ದು ತಿನ್ನಬಹುದು. ನನ್ನ ಮಾವ ಇದನ್ನೇ ಹೇಳಿಕೊಂಡು ನೈವೇದ್ಯಕ್ಕೆ ಮೊದಲೇ ಮೊಮ್ಮಕ್ಕಳ ಬಾಯಿಗೆ ಬೆಲ್ಲ ಹಾಕುತ್ತಿದ್ದರು. ನಿಮ್ಮ ಮಾಣಿಗೆ ಈಗ ನಾಲ್ಕು. ಗರ್ಭಾಷ್ಟಮಕ್ಕೆ, ಅಂದರೆ ಗರ್ಭದಿಂದ ಲೆಕ್ಕ ಹಾಕಿ ಎಂಟನೇ ವರ್ಷಕ್ಕೆ, ಉಪನಯನ ಮಾಡಿದರೂ ಇನ್ನು ಮೂರು ವರ್ಷ ಉಂಟು. ಆದರೆ ಈ ಮಾತನ್ನು ಮನೆಯಲ್ಲಿ ಹೇಳಬೇಕಾದದ್ದು ನಿನ್ನ ಗಂಡ, ನೀನಲ್ಲ. ಅಷ್ಟುದ್ದದ ರುದ್ರ ಬಾಯಿಪಾಠ ಬರುವವನಿಗೆ ಅಮ್ಮನ ಹತ್ತಿರ ಎರಡು ಮಾತು ಹೇಳಲು ಬಾರದೇ? ಸಂಧ್ಯಾವಂದನೆ ಮುಗಿಸಿ ಐದು ನಿಮಿಷ ಮಗನನ್ನು ಮಡಿಲಲ್ಲಿ ಕೂರಿಸಿಕೊಳ್ಳಲಿ. ನಾನು ಹೇಳಿದೆ ಅಂತಲೇ ಹೇಳು.

ಮಡಿಯಲ್ಲಿದ್ದಾಗ ಮುಟ್ಟಿದ ಅಂತ ಅತ್ತೆ ಕೂಗುತ್ತಾರೆ ಅಂದೆ. ನಮ್ಮ ಅಜ್ಜಿಯಂದಿರು ಇದಕ್ಕೆ ಉಪಾಯ ಮಾಡಿದ್ದರು. ಮಗುವಿನ ಮೈಮೇಲೆ ಬಟ್ಟೆ ಇಲ್ಲದಿದ್ದರೆ ಮೈಲಿಗೆ ಇಲ್ಲ! ಚಡ್ಡಿ ಬಿಚ್ಚಿ ಬಿಟ್ಟುಬಿಡು. ಅವನಿಗೂ ಖುಷಿ, ಅವರಿಗೂ ಸಮಾಧಾನ.

ಆಟಿಯಲ್ಲಿ ಅಂಗಳಕ್ಕೆ ಬಿಡುವ ಹಾಗಿಲ್ಲ, ಪಾಚಿ ಜಾರುತ್ತದೆ. ಹೊರಗೆ ಓಡಬೇಕಾದ ಕಾಲು ಒಳಗೇ ಓಡುತ್ತದೆ, ಅಷ್ಟೆ. ದೇವರ ಕೋಣೆಗೆ ಬರಬೇಡ ಅಂದಷ್ಟೂ ಅಲ್ಲಿಗೇ ಬರುತ್ತಾನೆ. ಅಲ್ಲೇ ಏನಾದರೂ ಕೆಲಸ ಕೊಡು. ಮಳೆ ಬಿಟ್ಟ ಹೊತ್ತಿಗೆ ಒಟ್ಟಿಗೆ ಹೋಗಿ ದಾಸವಾಳ ಕೊಯ್ಯಿರಿ, ಮೊಗ್ಗು ಕಿತ್ತರೂ ಬಯ್ಯಬೇಡ. 21 ಗರಿಕೆ ಎಣಿಸಲು ಹೇಳು. ಹನ್ನೆರಡರಿಂದ ಇಪ್ಪತ್ತಕ್ಕೆ ಹಾರುತ್ತಾನೆ, ಗಣಪತಿ ಲೆಕ್ಕ ಹಿಡಿಯುವುದಿಲ್ಲ. ಆರತಿಗೆ ಜಾಗಟೆ ಅವನ ಕೈಯಲ್ಲಿರಲಿ. ಆರತಿ ಮುಗಿದರೂ ಬಡಿಯುತ್ತಾನೆ, ನಿನ್ನ ಮಾವನಿಗೆ ಕಿವಿ ಸ್ವಲ್ಪ ಮಂದ ಆದದ್ದು ಒಳ್ಳೆಯದೇ ಆಯಿತು. ಪಂಚಕಜ್ಜಾಯ ಹಂಚುವ ಕೆಲಸವನ್ನೂ ಅವನಿಗೇ ಕೊಡು. ಅವನ ಪಾಲು ಮೊದಲೇ ಬೇರೆ ಇಟ್ಟಿರು, ಇಲ್ಲದಿದ್ದರೆ ಉಳಿದವರಿಗೆ ಸಿಗುವುದು ಕಷ್ಟ.

ಅನಂತಪುರ ದೇವಸ್ಥಾನದ ಕೆರೆಯ ಹತ್ತಿರ "ಹಳೆ ಮೊಸಳೆ ಎಲ್ಲಿ ಹೋಯ್ತು?" ಅಂತ ಮಾಣಿ ಕೇಳಿದಾಗ ನೀನು ಮಾತು ಹಾರಿಸಿದೆಯಂತೆ. ಯಾಕೆ? ಆ ಮೊಸಳೆ ಬಬಿಯಾ 2022ರಲ್ಲಿ ಸತ್ತಿತು ಅಂತಲೇ ಹೇಳು. ಸತ್ತ ಮೇಲೆ ಎಲ್ಲಿಗೆ ಅಂದರೆ, ನನಗೂ ಗೊತ್ತಿಲ್ಲ, ಅಜ್ಜನ ಹತ್ತಿರ ಕೇಳು ಅನ್ನು. ಅಜ್ಜನಿಗೂ ಹೊತ್ತು ಹೋದೀತು.

ಪೆಟ್ಟು ಕೊಟ್ಟದ್ದನ್ನು ನೆನೆದು ನೀನು ಇನ್ನೂ ಅಳುತ್ತಾ ಕೂರಬೇಡ. ಅವನು ಆಗಲೇ ಮರೆತಿದ್ದಾನೆ. ಗುಳಿಗನ ಮಾತನ್ನು ಮಾತ್ರ ಇವತ್ತೇ ಸರಿ ಮಾಡು. ಮಲಗುವಾಗ ಹತ್ತಿರ ಎಳೆದುಕೊಂಡು "ನಾನು ಸುಳ್ಳು ಹೇಳಿದ್ದು, ಯಾರೂ ನಿನ್ನನ್ನು ಹಿಡ್ಕೊಂಡು ಹೋಗುವುದಿಲ್ಲ" ಅನ್ನು. ನಾನು ನಿನ್ನ ಅಣ್ಣನಿಗೆ ಅದನ್ನು ಹೇಳಲೇ ಇಲ್ಲ.

ಚೌತಿಗೆ ನಾಲ್ಕು ದಿನ ಮೊದಲೇ ಬರುತ್ತೇನೆ. ಮಾಣಿಗೆ ಸ್ಲೇಟು, ಒಂದು ಪೆಟ್ಟಿಗೆ ಬಣ್ಣದ ಬಳಪ ತರುತ್ತೇನೆ. ಅತ್ತೆಯವರಿಗೆ ಮಾವಿನಮಿಡಿ ಉಪ್ಪಿನಕಾಯಿ. ಅಂದ ಹಾಗೆ, ಅವನು ಗೋಡೆಯ ಮೇಲೆ ಬರೆದದ್ದು ಏನು ಅಂತ ನೀನು ಹೇಳಲೇ ಇಲ್ಲ. ಕೇಳಿದ್ದೀಯಾ ಅವನ ಹತ್ತಿರ? ನಾನು ಬರುವ ತನಕ ಒರೆಸಬೇಡ.

ಇತಿ,
ನಿನ್ನ ದೊಡ್ಡಮ್ಮ