ಕಥೆಯನ್ನು ಇಸವಿ ಪ್ರಕಾರ ಜೋಡಿಸಬೇಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಯ ಪುಸ್ತಕ ವಿಮರ್ಶೆಗಳನ್ನು ನಾನು ತಪ್ಪದೆ ಓದುತ್ತೇನೆ. ಅವುಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತಿದೆ. ‘ಕಥೆ ಹಿಂದೆ ಮುಂದೆ ಓಡಾಡುತ್ತದೆ, ಓದುಗರಿಗೆ ಗೊಂದಲವಾಗುತ್ತದೆ, ನೇರವಾಗಿ ಹೇಳಿದ್ದರೆ ಚೆನ್ನಾಗಿತ್ತು’ ಅಂತ. ಆಮೇಲೆ ವಿಮರ್ಶಕರೇ ಘಟನೆಗಳನ್ನೆಲ್ಲ ಹುಟ್ಟಿನಿಂದ ಸಾವಿನವರೆಗೆ ಸಾಲಾಗಿ ಜೋಡಿಸಿ ಸಾರಾಂಶ ಕೊಟ್ಟುಬಿಡುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ನೆನಪಿನ ಮೇಲೆ ನಿಂತ ಕಥೆಯನ್ನು ಇಸವಿ ಪ್ರಕಾರ ಜೋಡಿಸಿದರೆ ಕೈಗೆ ಉಳಿಯುವುದು ಘಟನೆಗಳ ಪಟ್ಟಿ, ಅಷ್ಟೇ.

ಹಿಂದೆ ಮುಂದೆ ಹೇಳುವುದು ಇವತ್ತಿನ ಶೋಕಿ ಏನಲ್ಲ. ಮಹಾಭಾರತವನ್ನೇ ನೋಡಿ. ನೈಮಿಷಾರಣ್ಯದಲ್ಲಿ ಉಗ್ರಶ್ರವ ಋಷಿಗಳಿಗೆ ಕಥೆ ಹೇಳುತ್ತಾನೆ, ಅವನು ಹೇಳುವುದು ಜನಮೇಜಯನ ಸರ್ಪಯಾಗದಲ್ಲಿ ವೈಶಂಪಾಯನ ಹೇಳಿದ ಕಥೆಯನ್ನು, ಆ ಜನಮೇಜಯ ಅರ್ಜುನನ ಮರಿಮಗ. ಅಂದರೆ ಕಥೆ ಶುರುವಾಗುವ ಹೊತ್ತಿಗೆ ಯುದ್ಧ ಮುಗಿದು, ಗೆದ್ದವರೂ ಹೋಗಿ, ತಲೆಮಾರುಗಳೇ ಕಳೆದಿವೆ. ಗ್ರೀಕ್ ಕವಿ ಹೋಮರನ ‘ಒಡಿಸ್ಸಿ’ಯೂ ಹಾಗೇ. ಯುದ್ಧ ಮುಗಿಸಿದ ಒಡಿಸ್ಸಿಯಸ್ ಟ್ರಾಯ್ ಪಟ್ಟಣ ಬಿಟ್ಟು ಮನೆ ಸೇರಲು 10 ವರ್ಷ ಹಿಡಿಯಿತು, ಕಾವ್ಯ ಶುರುವಾಗುವುದು ಆ ಅಲೆದಾಟ ಮುಗಿಯುತ್ತಾ ಬಂದಾಗ. ಹಿಂದಿನದನ್ನು 9ರಿಂದ 12ನೇ ಭಾಗದವರೆಗೆ ಅವನೇ ಬೇರೊಬ್ಬ ರಾಜನ ಅರಮನೆಯಲ್ಲಿ ಕೂತು ಹೇಳುತ್ತಾನೆ. ಇವನ್ನು ಸಾವಿರಾರು ವರ್ಷ ಜನ ಕೇಳಿದ್ದಾರೆ, ಓದಿದ್ದಾರೆ. ಯಾರಿಗೂ ದಾರಿ ತಪ್ಪಲಿಲ್ಲ. ಯಾಕೆಂದರೆ ಯಾರು ಎಲ್ಲಿ ಕೂತು ಹೇಳುತ್ತಿದ್ದಾರೆ, ಯಾರು ಕೇಳುತ್ತಿದ್ದಾರೆ ಅನ್ನುವುದು ಅಲ್ಲಿ ಸ್ಪಷ್ಟವಾಗಿದೆ.

ನಾನು ಹೇಳಬೇಕೆಂದಿರುವುದು ಇದನ್ನೇ. ನೆನಪು ತಾರೀಕು ಹಿಡಿದು ಬರುವುದಿಲ್ಲ, ಜಾಗ ಹಿಡಿದು ಬರುತ್ತದೆ.

ಕಾಳಿದಾಸನ ‘ಶಾಕುಂತಲ’ದಲ್ಲಿ ಇದು ಎಷ್ಟು ಚೆನ್ನಾಗಿ ಕಾಣುತ್ತದೆ ಗೊತ್ತಾ? ಮಹಾಭಾರತದ ದುಷ್ಯಂತ ಶಕುಂತಲೆಯನ್ನು ಮರೆತೇ ಇಲ್ಲ. ಎಲ್ಲ ನೆನಪಿದ್ದೂ ತುಂಬಿದ ಸಭೆಯಲ್ಲಿ ‘ನೆನಪಿಲ್ಲ’ ಅನ್ನುತ್ತಾನೆ. ಅಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಕಾಳಿದಾಸ ದುರ್ವಾಸನ ಶಾಪ ತಂದು ಅವನು ನಿಜವಾಗಿಯೇ ಮರೆಯುವಂತೆ ಮಾಡಿದ, ಸುಳ್ಳಿನ ಕಥೆ ನೆನಪಿನ ಕಥೆಯಾಯಿತು. ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕಿ ಎಲ್ಲ ನೆನಪಾದ ಮೇಲೆ, 6ನೇ ಅಂಕದಲ್ಲಿ, ರಾಜ ಶಕುಂತಲೆಯ ಚಿತ್ರ ಬರೆದಿಟ್ಟುಕೊಂಡಿದ್ದಾನೆ. ಆದರೆ ಅವಳ ರೂಪ ಮೂಡಿದ್ದು ಅವನಿಗೆ ಸಾಲುತ್ತಿಲ್ಲ. ಮಾಲಿನಿ ನದಿ ಬರಬೇಕು, ಅದರ ಮರಳಲ್ಲಿ ಹಂಸದ ಜೋಡಿ ಇರಬೇಕು, ಸುತ್ತ ಹಿಮಾಲಯದ ತಪ್ಪಲಲ್ಲಿ ಜಿಂಕೆಗಳು ಕೂತಿರಬೇಕು, ಕೊಂಬೆಗೆ ನಾರುಮಡಿ ನೇತುಹಾಕಿದ ಮರವೊಂದು ಬೇಕು, ಆ ಮರದ ಕೆಳಗೆ ಹೆಣ್ಣು ಜಿಂಕೆ ಕೃಷ್ಣಮೃಗದ ಕೊಂಬಿಗೆ ತನ್ನ ಎಡಗಣ್ಣು ಉಜ್ಜಿಕೊಳ್ಳುತ್ತಿರಬೇಕು ಅನ್ನುತ್ತಾನೆ. ಎಡಗಣ್ಣು! ಅವಳನ್ನು ಯಾವ ತಿಂಗಳಲ್ಲಿ ನೋಡಿದೆ, ಎಷ್ಟು ಕಾಲವಾಯಿತು ಅನ್ನುವ ಲೆಕ್ಕ ಅಲ್ಲಿಲ್ಲ. ಆಶ್ರಮ ಇದೆ. ಅದು ಪೂರ್ತಿ ಬರದೆ ಅವಳೂ ಪೂರ್ತಿ ಬರುವುದಿಲ್ಲ.

ನಮ್ಮ ಪಂಪನೂ ಹಾಗೇ. 10ನೇ ಶತಮಾನದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನ ತೀರ್ಥಯಾತ್ರೆ ಮಾಡುತ್ತಾ ಬನವಾಸಿಗೆ ಬರುತ್ತಾನೆ. ಅಲ್ಲಿ ‘ನೆನೆವುದೆನ್ನ ಮನಂ’ ಅನ್ನುವ ಮಾತು ಬಂದಾಗ ಅದು ಅರ್ಜುನನ ದನಿಯಾಗಿ ಉಳಿಯುವುದಿಲ್ಲ, ಪಂಪನದೇ ಆಗಿ ಕೇಳುತ್ತದೆ ಅಲ್ವಾ? ದ್ವಾಪರದ ಒಬ್ಬ ರಾಜಕುಮಾರ, 10ನೇ ಶತಮಾನದ ಒಬ್ಬ ಕವಿ, ಇಬ್ಬರೂ ಒಂದೇ ಪದ್ಯದೊಳಗೆ ನಿಂತಿದ್ದಾರೆ. ಕಾಲದ ಪ್ರಕಾರ ಇದು ಸಾಧ್ಯವೇ ಇಲ್ಲ. ಜಾಗ ಒಂದೇ ಆಗಿರುವುದರಿಂದ ನಮಗೆ ಏನೂ ಅಡ್ಡಿ ಅನಿಸುವುದಿಲ್ಲ.

ಈಚಿನವರಲ್ಲಿ ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ 1927ರಲ್ಲಿ ಪ್ರಕಟಿಸಿದ ಕಾದಂಬರಿ ‘ಟು ದ ಲೈಟ್‌ಹೌಸ್’ ಬಗ್ಗೆ ಹೇಳದೆ ಇರಲಾರೆ. ಮೊದಲ ಭಾಗ ಒಂದು ದಿನ, ಕೊನೆಯ ಭಾಗ ಇನ್ನೊಂದು ದಿನ. ನಡುವಿನ 10 ವರ್ಷ ಕೆಲವೇ ಪುಟ. ಆ ಪುಟಗಳಲ್ಲಿ ಮನುಷ್ಯರು ಹೆಚ್ಚು ಕಡಿಮೆ ಇಲ್ಲವೇ ಇಲ್ಲ, ಖಾಲಿ ಮನೆ ಇದೆ. ಮೊದಲ ಭಾಗದಲ್ಲಿ ಮಕ್ಕಳ ಕೋಣೆಯ ಗೋಡೆಗೆ ತೂಗುಹಾಕಿದ ಹಂದಿಯ ತಲೆಬುರುಡೆ ನೋಡಿ ಪುಟ್ಟ ಹುಡುಗಿಗೆ ನಿದ್ದೆ ಬರುವುದಿಲ್ಲ, ಅದನ್ನು ತೆಗೆಯುವುದಕ್ಕೆ ಅವಳ ತಮ್ಮ ಬಿಡುವುದಿಲ್ಲ. ತಾಯಿ ತಾನು ಹೊದ್ದ ಶಾಲನ್ನೇ ತೆಗೆದು ಬುರುಡೆಗೆ ಸುತ್ತುತ್ತಾಳೆ. ಆಮೇಲೆ ಆ ಖಾಲಿ ಮನೆಯಲ್ಲಿ, ವರ್ಷಗಳು ಕಳೆದಂತೆ, ಶಾಲಿನ ಒಂದು ಮಡಿಕೆ ಸಡಿಲವಾಗುತ್ತದೆ. ಇನ್ನಷ್ಟು ಕಾಲಕ್ಕೆ ಇನ್ನೊಂದು. ಸುತ್ತಿದ ತಾಯಿ ಸತ್ತ ಸುದ್ದಿ ಬರುವುದು ಬ್ರ್ಯಾಕೆಟ್ಟಿನೊಳಗಿನ ಒಂದೇ ವಾಕ್ಯದಲ್ಲಿ. ಮಗಳ ಸಾವು, ಯುದ್ಧದಲ್ಲಿ ಮಗನ ಸಾವು, ಅವೂ ಬ್ರ್ಯಾಕೆಟ್ಟಿನೊಳಗೇ. ಕಾಲ ಹೇಗೆ ಸರಿಯಿತು ಅಂತ ಕ್ಯಾಲೆಂಡರ್ ನೋಡಿ ತಿಳಿಯಬೇಕಾಗಿಲ್ಲ, ಆ ಶಾಲು ನೋಡಿದರೆ ಸಾಕು. ಇದನ್ನು ‘ತಾಯಿ ತೀರಿಕೊಂಡಳು, 10 ವರ್ಷದ ನಂತರ ಉಳಿದವರು ವಾಪಸ್ ಬಂದರು’ ಅಂತ ಸಾರಾಂಶ ಮಾಡಿದರೆ ಅದರಲ್ಲಿ ಸುಳ್ಳೇನೂ ಇಲ್ಲ, ಆದರೆ ಕಾದಂಬರಿಯೂ ಇಲ್ಲ.

ರಷ್ಯಾದ ವಿಮರ್ಶಕ ಬಖ್ತಿನ್ 1930ರ ದಶಕದಲ್ಲೇ ಕಾದಂಬರಿಯಲ್ಲಿ ಕಾಲ ಮತ್ತು ಸ್ಥಳವನ್ನು ಬೇರೆ ಮಾಡುವುದಕ್ಕೆ ಆಗುವುದಿಲ್ಲ ಅಂತ ವಿವರವಾಗಿ ಬರೆದ. ದಾರಿ, ಹೊಸಿಲು, ಮೆಟ್ಟಿಲು ಇಂಥ ಕಡೆ ಕಾಲ ಕಣ್ಣಿಗೆ ಕಾಣುವಂತಾಗುತ್ತದೆ ಅನ್ನುವುದು ಅವನ ಮಾತಿನ ಸಾರ. ದಾಸ್ತೋವ್‌ಸ್ಕಿಯ ಕಾದಂಬರಿಗಳ ಪಾತ್ರಗಳು ಬದುಕು ತಿರುಗಿಸುವ ತೀರ್ಮಾನಗಳನ್ನು ಎಷ್ಟು ಸಲ ಮೆಟ್ಟಿಲ ಮೇಲೆ, ಬಾಗಿಲ ಬಳಿ ಮಾಡುತ್ತವೆ ಗಮನಿಸಿ.

ಹಾಗಂತ ತುಂಡು ತುಂಡಾಗಿ ಬರೆದಿದ್ದೆಲ್ಲ ಒಳ್ಳೆಯದು ಅಂತ ನಾನು ವಾದಿಸುತ್ತಿಲ್ಲ. ಅಧ್ಯಾಯಗಳನ್ನು ಸುಮ್ನೆ ಕಲಸಿಟ್ಟ ಪುಸ್ತಕಗಳೂ ಬರುತ್ತವೆ, ಓದಿ ಸುಸ್ತಾಗುತ್ತದೆ. ನಾನು ನೋಡುವುದು ಒಂದೇ. ಈ ಪುಟದಲ್ಲಿ ನಾನು ಎಲ್ಲಿ ನಿಂತಿದ್ದೇನೆ ಅಂತ ಬರೆದವರು ತೋರಿಸಿದ್ದಾರಾ? ಬೆಳಕು ಯಾವ ಕಡೆಯಿಂದ ಬರುತ್ತಿದೆ, ಬಾಗಿಲು ಎಲ್ಲಿದೆ ಅಂತ ಗೊತ್ತಿದ್ದರೆ ಯಾವ ಇಸವಿ ಅನ್ನುವುದು 50 ಪುಟ ಆದಮೇಲೆ ತಿಳಿದರೂ ಪರವಾಗಿಲ್ಲ. ಜಾಗವೇ ಇಲ್ಲದ ಕಥೆಯಲ್ಲಿ ಪ್ರತಿ ಅಧ್ಯಾಯದ ತಲೆಗೂ ತಾರೀಕು ಹಾಕಿದರೂ ಪ್ರಯೋಜನವಿಲ್ಲ.

ಅದಕ್ಕೇ ಸಂಕ್ಷಿಪ್ತ ಆವೃತ್ತಿಗಳನ್ನು ಕಂಡರೆ ನನಗೆ ಬೇಜಾರು. ಅವುಗಳಲ್ಲಿ ಮೊದಲು ಕತ್ತರಿ ಬೀಳುವುದು ವರ್ಣನೆಗೆ. ನದಿ, ಮರ, ಕೋಣೆ ಎಲ್ಲ ಹೋಗಿ ‘ಮುಂದೇನಾಯಿತು’ ಅನ್ನುವುದು ಮಾತ್ರ ಉಳಿಯುತ್ತದೆ. ಹುಡುಗರು ಅದನ್ನು ಓದಿ ಪುಸ್ತಕವನ್ನೇ ಓದಿದೆವು ಅಂದುಕೊಳ್ಳುತ್ತಾರೆ, ಪರೀಕ್ಷೆಯಲ್ಲೂ ಘಟನೆಗಳನ್ನು ಕ್ರಮವಾಗಿ ಬರೆಯಿರಿ ಅಂತಲೇ ಕೇಳುತ್ತಾರೆ.

ನಿಮ್ಮಲ್ಲಿ ಒಂದು ಕೋರಿಕೆ. ವಿಮರ್ಶೆಯಲ್ಲಿ ಸಾರಾಂಶಕ್ಕೆ ಹೋಗುವ ಜಾಗದಲ್ಲಿ ಅರ್ಧವನ್ನಾದರೂ ಉಳಿಸಿ, ಆ ಪುಸ್ತಕದ ಒಂದು ಪ್ಯಾರಾವನ್ನು ಹಾಗೇ ಅಚ್ಚು ಮಾಡಿ. ಕಥೆ ಹಿಂದಕ್ಕೆ ಜಿಗಿಯುವ ಕಡೆಯದ್ದೇ ಆಗಲಿ. ಗೊಂದಲವಾಗುತ್ತದೋ ಇಲ್ಲವೋ ನಾವೇ ಓದಿ ನೋಡುತ್ತೇವೆ.

ಇಂತಿ,
ನಿಮ್ಮ ಓದುಗ