ಕಾಳಿಯ ತಾಟು ಬೇರೆ

ಪ್ರೀತಿಯ ಮಗಳಿಗೆ, ಅವ್ವನ ಆಶೀರ್ವಾದಗಳು.

ಇತ್ತ ಧಾರವಾಡದಲ್ಲಿ ನಾವೆಲ್ಲ ಕ್ಷೇಮ. ಎರಡು ದಿನದಿಂದ ಜಿಟಿಜಿಟಿ ಮಳೆ ಹಿಡಿದಿದೆ, ನಿಮ್ಮ ಹುಬ್ಬಳ್ಳಿಯಲ್ಲೂ ಅಷ್ಟೇ ಇರಬೇಕು. ಮೊನ್ನೆ ರಾತ್ರಿ ನೀನು ಹೊಸದಾಗಿ ತಂದ ಬೆಕ್ಕಿನ ವಿಷಯಕ್ಕೆ ಫೋನ್ ಮಾಡಿ "ಅವ್ವಾ, ಕಾಳಿ ಏನೂ ತಿನ್ನವಲ್ದು, ಮಂಚದ ಬುಡಕ್ಕ ಹೋಗಿ ಕುಂತೈತಿ" ಅಂದಾಗ ಸಮಾಧಾನದ ನಾಲ್ಕು ಮಾತು ಹೇಳಿದೆ. ಹೇಳಲೇಬೇಕಾಗಿದ್ದ ಒಂದು ಮಾತು ಮಾತ್ರ ಗಂಟಲಲ್ಲೇ ಉಳಿಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಮಂಚದ ಬುಡದ ವಿಷಯ. ಹೊಸ ಮನೆ, ಹೊಸ ವಾಸನೆ, ಹೊಸ ಸದ್ದು. ಹೆದರಿದ ಬೆಕ್ಕು ಮೊದಲು ಬಿಡುವುದು ಊಟವನ್ನೇ. ತಾಟನ್ನು ಮಂಚದ ಹತ್ತಿರ ಇಟ್ಟು ನೀನು ಎದ್ದು ಬಂದುಬಿಡು. ಬಗ್ಗಿ ನೋಡಬೇಡ, ಕರೆಯಬೇಡ, ಕೈ ಹಾಕಿ ಎಳೆಯಲಂತೂ ಬೇಡ. ರಾತ್ರಿ ಮನೆ ತಣ್ಣಗಾದ ಮೇಲೆ ತಾನೇ ಬಂದು ತಿನ್ನುತ್ತದೆ. ಆದರೆ ಪೂರ್ತಿ ಒಂದು ದಿನ ಒಂದು ಕಾಳನ್ನೂ ಮುಟ್ಟದಿದ್ದರೆ ಕಾಯಬೇಡ, ಡಾಕ್ಟರಿಗೆ ತೋರಿಸು. ಎರಡು ಮೂರು ದಿನ ಹೊಟ್ಟೆಗಿಲ್ಲದಿದ್ದರೆ ಬೆಕ್ಕಿನ ಮೈಯ ಕೊಬ್ಬು ಕರಗಿ ಲಿವರಿನಲ್ಲಿ ತುಂಬಿಕೊಳ್ಳಬಹುದು, ಅದು ಜೀವಕ್ಕೇ ಅಪಾಯ. ನಮ್ಮ ಹಾಗೆ ಉಪವಾಸ ಮಾಡುವ ಮೈ ಅಲ್ಲ ಅದು.

ಅದನ್ನು ಕೊಟ್ಟ ನಿನ್ನ ಗೆಳತಿ ಯಾವ ತಿನಿಸು ಹಾಕುತ್ತಿದ್ದಳೋ ಸದ್ಯಕ್ಕೆ ಅದನ್ನೇ ಹಾಕು. ಬದಲಿಸುವುದಿದ್ದರೆ ಅದು ಹೊಂದಿಕೊಂಡ ಮೇಲೆ, ಹಳೆಯದರಲ್ಲಿ ಕಾಲು ಭಾಗ ಹೊಸದು ಬೆರೆಸಿ ಎರಡು ದಿನ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ಹೀಗೆ ಎಂಟು ಹತ್ತು ದಿನ ಎಳೆ. ಒಮ್ಮೆಲೇ ಬದಲಿಸಿದರೆ ಹೊಟ್ಟೆ ಕೆಡುತ್ತದೆ.

ಇನ್ನು ನಮ್ಮ ಹಳೆಯ ಬೆಕ್ಕು ಮಲ್ಲಿಯನ್ನು ನೆನೆದು ನೀನು ಕೇಳಿದ ಪ್ರಶ್ನೆ: "ಮಲ್ಲಿಗೆ ನಾವು ಹಾಲು-ಅನ್ನಾನ ಹಾಕ್ತಿದ್ವೆಲ್ಲವ್ವಾ, ಇದಕ್ಕೂ ನಡೀತೈತೇನು?"

ನಡೆಯುವುದಿಲ್ಲ. ಮಲ್ಲಿಗೂ ನಡೆದಿರಲಿಲ್ಲ.

ನೀನು ಆಗ ನಾಲ್ಕನೇ ಇಯತ್ತೆ. ಸಪ್ತಾಪುರದ ಮಾಳಿಗೆ ಮನೆಯಲ್ಲಿದ್ದೆವು. ಕೆಳಗೆ ಗಾಡಿಗಳ ಓಡಾಟವೆಂದು ಮಲ್ಲಿಯನ್ನು ಮೆಟ್ಟಿಲು ಇಳಿಯಲು ಬಿಟ್ಟದ್ದೇ ಇಲ್ಲ. ಮುಂಜಾನೆ ಹಾಲು-ಅನ್ನ, ಸಂಜೆ ಹಾಲಲ್ಲಿ ಹಿಚುಕಿದ ರೊಟ್ಟಿ, ಮೇಲೊಂದು ಹನಿ ತುಪ್ಪ. ಮಗುವಿನ ಹಾಗೆ ನೋಡಿಕೊಂಡೆ ಎಂದೇ ತಿಳಿದಿದ್ದೆ. ಎರಡು ವರ್ಷವಾಗಿರಬೇಕು, ದಿನಾ ಜಿಗಿಯುವ ಕಿಟಕಿ ಕಟ್ಟೆಗೆ ಒಂದು ದಿನ ಜಿಗಿದು ಕೆಳಗೆ ಬಿದ್ದಳು. ಮರುದಿನವೂ ಹಾಗೇ. ಎತ್ತಿಕೊಂಡು ಬಿಸಿಲಿಗೆ ಹಿಡಿದೆ. ನಡುಮಧ್ಯಾಹ್ನದ ಬಿಸಿಲು, ಬೆಕ್ಕಿನ ಕಣ್ಣಿನ ಪಾಪೆ ದಾರದಂತೆ ಸಣ್ಣಗಾಗಬೇಕಿತ್ತು. ಮಲ್ಲಿಯದು ಕಪ್ಪು ಗುಂಡಿಯಂತೆ ಅಗಲವಾಗಿಯೇ ಇತ್ತು.

ಡಾಕ್ಟರು ಬ್ಯಾಟರಿ ಹಿಡಿದು ನೋಡಿ "ಏನ್ ತಿನ್ನಸ್ತೀರಿ?" ಎಂದು ಕೇಳಿದರು. ಹೆಮ್ಮೆಯಿಂದಲೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ತಿಳಿಸಿದರು. ಟಾರಿನ್ ಎಂಬುದೊಂದು ಇದೆ, ಮಾಂಸದಲ್ಲಿ ಸಿಗುತ್ತದೆ, ಅನ್ನ ರೊಟ್ಟಿಯಲ್ಲಿ ಇಲ್ಲ. ನಮ್ಮ ಮೈ ಅದನ್ನು ತಾನೇ ಮಾಡಿಕೊಳ್ಳುತ್ತದೆ, ಬೆಕ್ಕಿನ ಮೈಗೆ ಸಾಕಾಗುವಷ್ಟು ಮಾಡಿಕೊಳ್ಳಲು ಬರುವುದಿಲ್ಲ. ಅದು ಸಿಗದಿದ್ದರೆ ಕಣ್ಣಿನ ಒಳಪೊರೆ ಸವೆದುಹೋಗುತ್ತದೆ, ಹೃದಯವೂ ಸಡಿಲಾಗುತ್ತದೆ. ಹೋದ ಕಣ್ಣು ತಿರುಗಿ ಬರುವುದಿಲ್ಲ.

ನಿನಗೆ ನಾವು ಕಣ್ಣಿಗೆ ಧೂಳು ಬಿದ್ದಿದೆ ಎಂದು ಹೇಳಿದೆವು. ಊಟ ಬದಲಿಸಿದ ಮೇಲೆ ಮಲ್ಲಿ ಇನ್ನೂ ನಾಲ್ಕು ವರ್ಷ ಬದುಕಿದಳು, ಗೋಡೆಗೆ ಮೀಸೆ ತಾಗಿಸಿಕೊಂಡು ಓಡಾಡುತ್ತ. ಅವಳಿಗೆ ಗೋಡೆಯೆಂದರೆ ಪ್ರೀತಿ ಎಂದು ನೀನು ನಿನ್ನ ಗೆಳತಿಯರಿಗೆ ಹೇಳುತ್ತಿದ್ದೆ. ಒಳಗೆ ಒಲೆಯ ಮುಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಇಷ್ಟು ವರ್ಷ ಹೇಳಲಾಗಲಿಲ್ಲ, ಈಗ ಹೇಳಿದ್ದೇನೆ.

ಮುಳಗುಂದದ ಕಡೆ ನನ್ನ ತವರಲ್ಲಿ ಬೆಕ್ಕುಗಳು ಹಾಲು-ರೊಟ್ಟಿ ತಿಂದೇ ಗುಂಡುಗುಂಡಾಗಿ ಇದ್ದವಲ್ಲ ಎಂದು ಬಹಳ ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು. ಅಲ್ಲಿ ಹಗೇವು ತುಂಬ ಜೋಳ, ಹಿತ್ತಲಲ್ಲಿ ಕಣಿಕೆ ಬಣವೆ, ಎಲ್ಲೆಲ್ಲೂ ಇಲಿ. ನಾವು ಬಟ್ಟಲಿಗೆ ಸುರಿದ ಹಾಲನ್ನಷ್ಟೇ ಕಂಡೆವು. ಬಣವೆಯ ಹಿಂದೆ ಅದು ತಿಂದದ್ದನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಮಾಳಿಗೆ ಮನೆಯ ಮಲ್ಲಿಗೆ ಇಲಿ ಎಲ್ಲಿಂದ ಬರಬೇಕು? ಕೇಶ್ವಾಪುರದ ನಿನ್ನ ಮೂರನೇ ಮಹಡಿಯ ಕಾಳಿಗೆ ಎಲ್ಲಿಂದ ಬರಬೇಕು?

ನಿನಗೆ ಕಸಿವಿಸಿ ಆಗುತ್ತದೆಂದು ಬಲ್ಲೆ. ನಮ್ಮಲ್ಲಿ ಮೊಟ್ಟೆಯನ್ನೂ ಹೊಸ್ತಿಲು ದಾಟಿಸಿದವರಲ್ಲ. ಆದರೂ ಹೇಳುತ್ತೇನೆ, ನಮ್ಮ ನೇಮ ನಮ್ಮ ತಾಟಿಗೆ ಮಾತ್ರ. ಬೆಕ್ಕನ್ನು ತಂದುಕೊಂಡವರು ಅದರ ಹೊಟ್ಟೆಯ ಧರ್ಮವನ್ನೂ ತಂದುಕೊಂಡ ಹಾಗೆ. ಪ್ಯಾಕೆಟ್ ಮೇಲೆ 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಎಂದು ಬರೆದಿರುವ ಬೆಕ್ಕಿನ ಆಹಾರವನ್ನೇ ತಾ, ಅದರಲ್ಲಿ ಟಾರಿನ್ ಸೇರಿಸಿರುತ್ತಾರೆ. ನಾಯಿಯದು ಬೇಡ, ಅದು ನಾಯಿಯ ಮೈಯ ಲೆಕ್ಕಕ್ಕೆ ಮಾಡಿದ್ದು. ಪಕ್ಕದವರು ಕೋಳಿಸಾರಿನ ತುಂಡು ಕೊಟ್ಟರೆ ಹಾಕಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆಕ್ಕಿನ ರಕ್ತವನ್ನೇ ಕೆಡಿಸುತ್ತವೆ. ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ ಆಗೀಗ ಒಂದು ತುಣುಕು ಅಡ್ಡಿಯಿಲ್ಲ, ಅದೊಂದೇ ಪೂರ್ತಿ ಊಟವಲ್ಲ. ಹಾಲಂತೂ ಬೇಡವೇ ಬೇಡ, ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಜೀರ್ಣವಾಗದೆ ಭೇದಿ ಹತ್ತುತ್ತದೆ. ಮಲ್ಲಿ ಪೇಢೆ ಡಬ್ಬಿಗೆ ಮೂತಿ ಹಾಕುತ್ತಿದ್ದದ್ದು ನೆನಪಿದೆಯಾ? ಸಿಹಿಗೆಂದು ಅಲ್ಲ, ಬೆಕ್ಕಿನ ನಾಲಗೆಗೆ ಸಿಹಿ ತಿಳಿಯುವುದೇ ಇಲ್ಲ. ಖೋವಾದ ಜಿಡ್ಡಿನ ವಾಸನೆಗೆ ಬರುತ್ತಿದ್ದಳು.

ಬಟ್ಟಲು ತುಂಬಿಸಿಟ್ಟು ಆಫೀಸಿಗೆ ಹೋಗಲಾ, ಹೊತ್ತಿಗೆ ಸರಿಯಾಗಿ ಹಾಕಲಾ ಎಂದಿದ್ದೆ. ಹೊತ್ತಿಗೆ ಹಾಕು. ತುಂಬಿಸಿಟ್ಟರೆ ಎಷ್ಟು ತಿಂದಿತು, ಯಾವತ್ತು ತಿನ್ನುವುದು ಬಿಟ್ಟಿತು ಎಂದು ನಿನಗೆ ಗೊತ್ತೇ ಆಗುವುದಿಲ್ಲ. ಮರಿಯಾಗದ ಹಾಗೆ ಆಪರೇಷನ್ ಆದ ಬೆಕ್ಕು, ಮೈಯೂ ಬೇಗ ಬರುತ್ತದೆ. ಕಾಳಿ ಮೂರೂವರೆ ಕಿಲೋ ಅಂದೆಯಲ್ಲ, ದಿನಕ್ಕೆ ಸುಮಾರು 180ರಿಂದ 200 ಕ್ಯಾಲರಿ ಸಾಕು. ಮುಂಜಾನೆ ಏಳೂವರೆಗೆ ಒಣ ಆಹಾರ 15 ಗ್ರಾಂ, ಸಂಜೆ ನೀನು ಬಂದ ಮೇಲೆ 85 ಗ್ರಾಮಿನ ವೆಟ್ ಫುಡ್, ಅಂದರೆ ನೀರಿನಂಶ ಇರುವ ಮೆತ್ತನೆಯ ಆಹಾರದ ಪೌಚ್ ಒಂದು, ಮಲಗುವ ಮುಂದೆ ಮತ್ತೆ ಒಣದು 15 ಗ್ರಾಂ. ಪ್ಯಾಕೆಟ್ ಹಿಂದಿನ ಪಟ್ಟಿ ನೋಡಿ ಹೆಚ್ಚುಕಡಿಮೆ ಮಾಡಿಕೋ. ಕೈಯಳತೆ ನೆಚ್ಚಬೇಡ, ತೂಗಿ ಹಾಕು.

ಹೊತ್ತು ಆರಿಸುವಾಗ ನಿನ್ನ ಕೈಲಿ ದಿನಾ ಆಗುವಂಥದ್ದನ್ನೇ ಆರಿಸು, ರವಿವಾರವೂ ಅದೇ ಇರಲಿ. ನಸುಕಿನ ನಾಲ್ಕಕ್ಕೆ ಬಂದು ಕೆನ್ನೆ ತಟ್ಟುತ್ತದೆ, ಎದ್ದು ಹಾಕಬೇಡ. ಒಂದು ದಿನ ಹಾಕಿದೆಯೋ, ಅದರ ಪಾಲಿಗೆ ಊಟದ ಹೊತ್ತು ನಾಲ್ಕೇ ಆಗುತ್ತದೆ. ರಾತ್ರಿ ಹತ್ತು ನಿಮಿಷ ದಾರ ಎಳೆದು ಆಡಿಸಿ, ಬೇಟೆಯಾಡಿದಷ್ಟು ದಣಿಸಿ ಆಮೇಲೆ ತಿನ್ನಿಸು. ತಿಂದು ಮೈ ನೆಕ್ಕಿಕೊಂಡು ಮಲಗುತ್ತದೆ.

ನೀರಿನ ಬಟ್ಟಲು ಊಟದ ಜಾಗದಿಂದ ದೂರ ಇಡು, ಎರಡು ಕಡೆ ಇಟ್ಟರೆ ಇನ್ನೂ ಛಲೋ. ಬೆಕ್ಕಿಗೆ ನೀರಡಿಕೆ ಕಡಿಮೆ, ಒಣ ಆಹಾರದಲ್ಲಿ ನೀರಿನಂಶ ಹತ್ತಕ್ಕೆ ಒಂದು ಪಾಲಷ್ಟೇ. ಪೌಚಿನದು ಮುಕ್ಕಾಲು ನೀರೇ, ಅದಕ್ಕೇ ದಿನಕ್ಕೊಂದು ಪೌಚ್ ಹಾಕು ಎಂದದ್ದು. ಅರ್ಧ ತಿಂದು ಬಿಟ್ಟರೆ ತಾಸಿನೊಳಗೆ ತೆಗೆದುಬಿಡು. ಇರುವೆ ಹತ್ತಿದರೆ ತಾಟನ್ನು ನೀರು ಹಾಕಿದ ಪರಾತದೊಳಗೆ ಇಡು, ನಾವು ಬೆಲ್ಲದ ಡಬ್ಬಿಗೆ ಮಾಡುತ್ತಿದ್ದಂತೆ.

ಈ ರವಿವಾರ ಚಿಗರಿ ಬಸ್ಸಿಗೆ ಬರುತ್ತೇನೆ. ಅಡುಗೆಮನೆಯ ಸಣ್ಣ ತಕ್ಕಡಿ ತರುತ್ತೇನೆ, ಜೊತೆಗೆ ಅಂಚು ಸೊಟ್ಟಗಾದ ಒಂದು ಸ್ಟೀಲ್ ತಾಟನ್ನೂ. ಅದು ಮಲ್ಲಿಯದು. ಅಟ್ಟದ ಮೇಲೆ ಎತ್ತಿಟ್ಟಿದ್ದೆ, ನಿನ್ನೆ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೇನೆ. ಕಾಳಿ ಈ ಮೂರು ದಿನ ಎಷ್ಟು ತಿಂದಿತೋ ಒಂದು ಚೀಟಿಯಲ್ಲಿ ಬರೆದಿಡು.

ನಿನ್ನ ಅವ್ವ