ಆ್ಯನಿ ಪ್ರಶಸ್ತಿಯೂ ಇದೆ, ಮರೀಬೇಡಿ!

ಸ್ನೇಹಿತರೇ, ಅನಿಮೇಷನ್ ಅಂದ ಕೂಡಲೇ ಎಲ್ಲರೂ ಆಸ್ಕರ್ ಲೆಕ್ಕವನ್ನೇ ಹಾಕುತ್ತಿದ್ದೀರಿ. ಅನಿಮೇಷನ್‌ಗೆಂದೇ ಇರುವ ಲಾಸ್ ಏಂಜಲೀಸ್‌ನ ಆ್ಯನಿ ಪ್ರಶಸ್ತಿಯನ್ನೂ ಸ್ವಲ್ಪ ನೋಡಿ. ಅನಿಮೇಷನ್ ಮಂದಿಯ ಆಸಿಫಾ-ಹಾಲಿವುಡ್ ಸಂಸ್ಥೆ ಇದನ್ನು ಶುರು ಮಾಡಿದ್ದು 1972ರಲ್ಲಿ. ಪೂರ್ಣಾವಧಿ ಅನಿಮೇಷನ್ ಸಿನಿಮಾಗೆ 1992ರಲ್ಲೇ ಪ್ರಶಸ್ತಿ ಕೊಟ್ಟರು. ಆಸ್ಕರ್‌ನವರಿಗೆ ಈ ಬುದ್ಧಿ ಬಂದಿದ್ದು 2002ರ ಸಮಾರಂಭಕ್ಕೆ, ಹತ್ತು ವರ್ಷ ತಡ ಅಲ್ವಾ!

ನನಗೆ ಜಾಸ್ತಿ ಇಷ್ಟ ಇದರ ಬಿಡಿ ವಿಭಾಗಗಳು. ಸ್ಟೋರಿಬೋರ್ಡ್ (ದೃಶ್ಯಗಳನ್ನು ಮೊದಲೇ ಬಿಡಿಸಿಡುವ ಚಿತ್ರಗಳು) ಬರೆದವರು, ಪಾತ್ರದ ರೂಪ ಕೊಟ್ಟವರು, ದನಿ ಕೊಟ್ಟವರು, ಹೀಗೆ ತೆರೆಯ ಹಿಂದಿನವರಿಗೂ ಬೇರೆ ಬೇರೆ ಪ್ರಶಸ್ತಿ. ಟಿವಿ ಸರಣಿಗಳಿಗೂ ಪ್ರಶಸ್ತಿ ಉಂಟು. 2024ರಲ್ಲಿ ಅತ್ಯುತ್ತಮ ಸಿನಿಮಾ ಆ್ಯನಿ ಗೆದ್ದಿದ್ದು ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’, ಆಸ್ಕರ್ ಹೋಗಿದ್ದು ಜಪಾನಿನ ನಿರ್ದೇಶಕ ಮಿಯಾಝಾಕಿಯ ‘ದ ಬಾಯ್ ಆ್ಯಂಡ್ ದ ಹೆರಾನ್’ ಸಿನಿಮಾಗೆ. ನಿಮ್ಮ ಓಟು ಯಾರಿಗೆ? ಇಲ್ಲೇ ಬರೆಯಿರಿ. ಕ್ಲೈಮ್ಯಾಕ್ಸ್ ಮಾತ್ರ ಹೇಳಬೇಡಿ, ನೋಡದವರಿದ್ದಾರೆ.